ಲಗ್ನವಿಲ್ಲದ ತಿಂಗಳಲ್ಲೊಂದು ರಜೆ

ಬೇರೆಯವರ ಮನೆಯಲ್ಲಿ ಪಂಚಾಂಗ ತೆಗೆಯುವುದು ಒಳ್ಳೆಯ ದಿನ ನೋಡಲಿಕ್ಕೆ. ನಮ್ಮ ಮನೆಯಲ್ಲಿ ತೆಗೆಯುತ್ತಿದ್ದದ್ದು ಕೆಟ್ಟ ದಿನ ಹುಡುಕಲಿಕ್ಕೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ನನಗೇನೂ ಬೇಜಾರಿಲ್ಲ. ನಮ್ಮಪ್ಪನದು ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಬಾಳೆ ಎಲೆಯ ಅಂಗಡಿ. ಊರಿಗೆ ಒಳ್ಳೆಯ ದಿನ ಬಂತೆಂದರೆ ಅಪ್ಪನಿಗೆ ಊಟ ಮಾಡಲೂ ಪುರುಸೊತ್ತಿಲ್ಲ. ಮದುವೆ, ಗೃಹಪ್ರವೇಶ, ನಾಮಕರಣ, ಯಾವುದೇ ಇರಲಿ, ಕೊನೆಗೆ ಎಲ್ಲರೂ ಎಲೆ ಹಾಕಿಕೊಂಡು ಊಟಕ್ಕೆ ಕೂರಬೇಕಲ್ಲ. ಯಾರ ಮನೆಯಲ್ಲಿ ಯಾವತ್ತು ಮುಹೂರ್ತ ಎನ್ನುವುದು ಹೆಣ್ಣಿನ ಸೋದರಮಾವನಿಗೆ ತಿಳಿಯುವ ಮೊದಲೇ ಅಪ್ಪನಿಗೆ ತಿಳಿದಿರುತ್ತಿತ್ತು.

ನಾನು ಸ್ವಲ್ಪ ಜಂಬದವಳು, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಂಪಿಗೆ ರಸ್ತೆಯಲ್ಲಿ ಹೋಗುವಾಗ ಎದುರಿಗೆ ಯಾವ ಜೋಡಿ ಬಂದರೂ ‘ಇವರ ಮದುವೆಗೆ ಎಲೆ ಕೊಟ್ಟಿದ್ದು ನಾವೇ’ ಎಂದು ತಂಗಿಗೆ ಹೇಳುತ್ತಿದ್ದೆ. ಹತ್ತರಲ್ಲಿ ಆರು ಸಲ ಅದು ಸುಳ್ಳಿರಬಹುದು. ಉಳಿದ ನಾಲ್ಕು ಸಾಲದೇ?

ಅಪ್ಪ ಬೆಳಗಿನ ಜಾವ ಮೂರೂವರೆಗೆ ಏಳುತ್ತಿದ್ದರು. ಸಿಟಿ ಮಾರ್ಕೆಟ್ಟಿಗೆ ತಮಿಳುನಾಡಿನ ಕಡೆಯಿಂದ ಎಲೆ ಲಾರಿ ಬರುವ ಹೊತ್ತಿಗೆ ಅಲ್ಲಿರಬೇಕು. ಆರಕ್ಕೆ ಮಲ್ಲೇಶ್ವರಕ್ಕೆ ಬಂದು ಅಂಗಡಿ ತೆರೆದರೆ ಮುಚ್ಚುವುದು ರಾತ್ರಿ ಒಂಬತ್ತಕ್ಕೆ. ಮಧ್ಯಾಹ್ನ ನಾನು ಕ್ಯಾರಿಯರ್‌ನಲ್ಲಿ ಒಯ್ದ ಊಟವನ್ನು ಎಲೆ ಕಟ್ಟುಗಳ ಹಿಂದೆ ಕೂತು ಮುಗಿಸುತ್ತಿದ್ದರು, ಅದೂ ಎರಡು ಸಲ ಎದ್ದು ಬಂದು ಗಿರಾಕಿ ನೋಡಿಕೊಂಡು. ನಾನು ಹುಟ್ಟಿದ ದಿನ ಅರ್ಧ ದಿನ ಅಂಗಡಿ ಮುಚ್ಚಿದ್ದರಂತೆ. ಐದು ವರ್ಷದ ಮೇಲೆ ತಂಗಿ ಹುಟ್ಟಿದ ದಿನ ಅದೂ ಇಲ್ಲ, ಅವತ್ತು ಮೂರು ಲಗ್ನ ಇದ್ದವು. ತಂಗಿ ಇದನ್ನು ಇವತ್ತಿಗೂ ಎತ್ತಿ ಆಡುತ್ತಾಳೆ.

ಬೇಸಿಗೆ ರಜೆ ಎನ್ನುವುದು ನಮಗೆ ಹೆಸರಿಗಷ್ಟೇ. ಏಪ್ರಿಲ್, ಮೇ ತಿಂಗಳೆಂದರೆ ಲಗ್ನಗಳ ಸುಗ್ಗಿ. ಕ್ಲಾಸಿನ ಹುಡುಗಿಯರು ಊಟಿ, ಮಡಿಕೇರಿ ಎಂದು ಹೊರಟರೆ ನಾವಿಬ್ಬರೂ ಅಂಗಡಿಯಲ್ಲಿ ಒದ್ದೆ ಬಟ್ಟೆ ಹಿಡಿದು ಎಲೆ ಒರೆಸುತ್ತಿದ್ದೆವು. ವ್ಯಾಪಾರ ತಣ್ಣಗಾಗುವುದು ಆಷಾಢದಲ್ಲಿ. ಆಗ ನಮಗೆ ಸ್ಕೂಲು. ಅಪ್ಪನ ಬಿಡುವಿಗೂ ನಮ್ಮ ರಜೆಗೂ ನಾವು ಹುಟ್ಟಿದಾಗಿನಿಂದ ಮುಖಾಮುಖಿಯೇ ಆಗಿರಲಿಲ್ಲ.

ಎರಡು ಸಾವಿರದ ಏಳರ ಯುಗಾದಿಯ ದಿನ ಅಪ್ಪ ಹೊಸ ಪಂಚಾಂಗ ತಂದು, ಬೇವುಬೆಲ್ಲ ಬಾಯಿಗೆ ಹಾಕಿಕೊಳ್ಳುವ ಮೊದಲೇ, ಲಗ್ನದ ಪುಟ ತೆಗೆದು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಲು ಕೂತರು. ಮೇ ತಿಂಗಳ ಅರ್ಧಕ್ಕೆ ಬಂದ ಪೆನ್ಸಿಲು ನಿಂತುಹೋಯಿತು.

“ಅಧಿಕ ಜ್ಯೇಷ್ಠ ಬಂದ್ಬಿಟ್ಟಿದೆ. ಹದಿನೇಳನೇ ತಾರೀಕಿಂದ ಒಂದು ತಿಂಗಳು ಒಂದೂ ಲಗ್ನ ಇಲ್ಲ. ಆಮೇಲೆ ಆಷಾಢ ಬೇರೆ ಇದೆ. ಈ ವರ್ಷ ಮುಗೀತು ನಮ್ ಕಥೆ” ಎಂದರು.

ಅಪ್ಪನ ಮುಖ ಸಣ್ಣದಾಯಿತು. ಬಾಗಿಲಿಗೆ ತೋರಣ ಕಟ್ಟುತ್ತಿದ್ದ ಅಮ್ಮ ಸ್ಟೂಲಿನಿಂದ ಇಳಿದು ಬಂದು ಪಂಚಾಂಗವನ್ನು ಕೈಯಿಂದ ತೆಗೆದುಕೊಂಡಳು. ಹದಿನೇಳರಿಂದ ಮೇ ಮುಗಿಯುವವರೆಗೆ ಬೆರಳಿನಲ್ಲಿ ಎಣಿಸಿದಳು. ಹದಿನೈದು ದಿನ. ಅಷ್ಟೂ ದಿನ ಸ್ಕೂಲಿಗೆ ರಜೆ. ಅಂಗಡಿಗೆ ಬಿಡುವು. ಅಮ್ಮ ಅಷ್ಟು ಖುಷಿಯಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಮೈಸೂರು ರಸ್ತೇಲಿ, ಬಿಡದಿ ಹತ್ರ, ಅದೇನೋ ದೊಡ್ಡ ಪಾರ್ಕ್ ಮಾಡಿದಾರಂತಲ್ಲ, ನೀರಲ್ಲಿ ಆಡೋದು, ಮೇಲಿಂದ ತಿರುಗಿಸೋದು. ಅಲ್ಲಿಗೆ ಹೋಗೋಣ” ಎಂದಳು.

ಅಪ್ಪ ‘ಆಮೇಲೆ ನೋಡೋಣ’ ಎನ್ನುವವರ ಧಾಟಿಯಲ್ಲಿ “ಹೂಂ, ಕರ್ಕೊಂಡು ಹೋಗು ಮಕ್ಕಳನ್ನ” ಎಂದರು.

“ಕರ್ಕೊಂಡು ಹೋಗೋದಲ್ಲ ರೀ. ನೀವೂ ಬರ್ಬೇಕು. ಅತ್ತೆನೂ ಬರ್ಬೇಕು. ಐದು ಜನಾನೂ ಹೋದ್ರೆ ಹೋದ ಹಾಗೆ, ಇಲ್ಲಾಂದ್ರೆ ಇಲ್ಲ.”

ಆಮೇಲೆ ಅಡುಗೆಮನೆಯಲ್ಲಿ ನನ್ನೊಬ್ಬಳಿಗೇ ಬಿಡಿಸಿ ಹೇಳಿದಳು. ನಾನು ಹತ್ತನೇ ಕ್ಲಾಸಿಗೆ ಕಾಲಿಡುವವಳು, ಆಮೇಲೆ ಕಾಲೇಜು, ಪರೀಕ್ಷೆ ಎಂದು ಕೈಗೆ ಸಿಗುವುದಿಲ್ಲ. ಅಧಿಕಮಾಸ ಬೇಸಿಗೆ ರಜೆಯಲ್ಲೇ ಬರುವುದು ಇನ್ನು ಎಷ್ಟು ವರ್ಷಕ್ಕೋ. “ಒಂದೇ ಒಂದು ದಿನ ನಿಮ್ಮಪ್ಪ ಆ ಅಂಗಡಿ ಕಡೆ ತಲೆ ಹಾಕ್ಬಾರ್ದು. ನಿಮ್ಮ ಜೊತೆ ಇರ್ಬೇಕು. ನಂಗೆ ಬೇಕಾಗಿರೋದು ಅಷ್ಟೇ” ಎಂದಳು. ಹದಿನಾರು ವರ್ಷದ ಸಂಸಾರದಲ್ಲಿ ಅಮ್ಮ ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು ಎಂದು ನನಗೆ ಆಗ ಹೊಳೆಯಲಿಲ್ಲ.

ಅಮ್ಮ ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು. ದೊಡ್ಡ ಕಂಪನಿಯಲ್ಲಿ ಕೂರಿಸಿದ್ದರೆ ಕಂಪನಿ ನಡೆಸುತ್ತಿದ್ದಳು ಎಂದು ನಾನು ಎಲ್ಲರ ಹತ್ತಿರವೂ ವಾದ ಮಾಡುತ್ತೇನೆ. ಅವಳು ಹಾಕಿದ ಪ್ರವಾಸದ ಯೋಜನೆ ಎಲ್ಲಿ ಎಳೆದರೂ ಹರಿಯುವಂತಿರಲಿಲ್ಲ. ಒಂದು ದಿನ ಗೊತ್ತು ಮಾಡಿದರೆ ಅದು ತಪ್ಪಿಹೋಗುತ್ತದೆ ಎಂದು ಗೊತ್ತಿದ್ದರಿಂದ ಮೂರು ದಿನ ಗೊತ್ತು ಮಾಡಿದಳು: ಇಪ್ಪತ್ತೆರಡು, ಇಪ್ಪತ್ತೈದು, ಮೂವತ್ತು. ಎರಡು ದಿನ ಸಿಕ್ಕರೆ ಪಾರ್ಕು ನೋಡಿಕೊಂಡು ಮೈಸೂರಿಗೂ ಹೋಗುವುದು. ಒಂದೂವರೆ ದಿನ ಸಿಕ್ಕರೆ ದಾರಿಯಲ್ಲಿ ಚನ್ನಪಟ್ಟಣದ ಸೋದರತ್ತೆಯ ಮನೆಯಲ್ಲಿ ತಂಗುವುದು. ಒಂದೇ ದಿನವಾದರೆ ಪಾರ್ಕು ಮಾತ್ರ. ಯಾವ ಬಸ್ಸಿಗೂ ರಿಸರ್ವೇಶನ್ ಮಾಡಿಸಬಾರದು, ಸಿಕ್ಕ ಬಸ್ಸು ಹತ್ತುವುದು. ಹೊರಡುವ ದಿನ ಹೊರಗಿನವರಿಗೆ ಹೇಳಬಾರದು, ತಪ್ಪಿದರೆ ಮುಖಭಂಗ. ಈ ಕೊನೆಯ ಕಟ್ಟಳೆಯನ್ನು ಮೀರಿ ತಂಗಿ ಅದೇ ದಿನ ಇಡೀ ಬೀದಿಗೆ ಡಂಗುರ ಸಾರಿದಳು.

ಬಟ್ಟೆಯ ಬ್ಯಾಗು ಹದಿನೇಳನೇ ತಾರೀಕಿಗೇ ತಯಾರಾಗಿ ಬೀರುವಿನ ಪಕ್ಕ ಕೂತಿತು. ಅದರಲ್ಲಿ ನಮ್ಮೆಲ್ಲರ ಒಳ್ಳೆಯ ಬಟ್ಟೆ ಹೋಗಿದ್ದರಿಂದ ಹದಿನೈದು ದಿನ ಮನೆಯಲ್ಲಿ ಹಾಕಿಕೊಳ್ಳಲು ಉಳಿದದ್ದು ಬಾಳೆ ಕರೆ ಹತ್ತಿದ ಬಟ್ಟೆಗಳೇ. ಬಾಳೆಯ ಸೊನೆ ಹತ್ತಿದರೆ ಆ ಕಂದು ಕಲೆ ಬಟ್ಟೆಯ ಜೊತೆಗೇ ಹೋಗುವುದು. ಅದಕ್ಕೇ ನಮ್ಮ ಮನೆಯಲ್ಲಿ ಬಿಳಿ ಬಟ್ಟೆ ಎನ್ನುವುದು ಸ್ಕೂಲಿನ ಯೂನಿಫಾರ್ಮ್ ಒಂದೇ.

ಇಪ್ಪತ್ತೊಂದರ ಮಧ್ಯಾಹ್ನ ನಾನು ಊಟ ಒಯ್ದಾಗ ಅಂಗಡಿಯ ಮುಂದೆ ಆರು ಜನ ನಿಂತಿದ್ದರು. ಅಪ್ಪನ ಮುಖದಲ್ಲಿ ಹಿಗ್ಗೂ ಇತ್ತು, ತಪ್ಪು ಮಾಡಿದವರ ಅಳುಕೂ ಇತ್ತು. ಆಗ ಬೆಳಕಿಗೆ ಬಂತು ನಾವು ಮಾಡಿದ ಎಡವಟ್ಟು. ಅಧಿಕಮಾಸದಲ್ಲಿ ಲಗ್ನ ಇಲ್ಲ, ನಿಜ. ಆದರೆ ಅದು ದಾನದ ತಿಂಗಳು. ಅಳಿಯನನ್ನು ಕರೆದು ಮೂವತ್ತಮೂರು ಕಜ್ಜಾಯ ಕೊಡುವವರು, ದಂಪತಿಗಳನ್ನು ಕೂರಿಸಿ ಊಟ ಹಾಕುವವರು, ಕೈಲಾದರೆ ಮೂವತ್ತಮೂರು ಜೋಡಿಗೆ ಹಾಕುವವರು, ಇವರೆಲ್ಲ ಮಲ್ಲೇಶ್ವರದಲ್ಲಿ ಮನೆಗೊಬ್ಬರಂತೆ ಇದ್ದಾರೆ. ವರ್ಷಪೂರ್ತಿ ಪಂಚಾಂಗದಲ್ಲಿ ಮದುವೆಯ ಪುಟ ಒಂದನ್ನೇ ನೋಡಿ ನೋಡಿ ನಮಗೆ ಉಳಿದ ಪುಟಗಳು ಮರೆತೇಹೋಗಿದ್ದವು. ಬೇರೆ ಯಾರ ಮನೆಯಲ್ಲೂ ಆಗದ ತಪ್ಪು, ಎಲೆ ಮಾರುವವರ ಮನೆಯಲ್ಲಿ ಆಯಿತು.

ಮನೆಗೆ ಬಂದು ಹೇಳಿದಾಗ ಅಪ್ಪನ ತಾಯಿ, ನಮ್ಮಜ್ಜಿ, ಅಡಿಕೆ ಕತ್ತರಿಸುತ್ತ, “ಅಧಿಕದಲ್ಲಿ ಎಲೆ ಹೋಗೇ ಹೋಗುತ್ತೆ. ನಿಮ್ಮ ತಾತನ ಕಾಲದಲ್ಲೂ ಹೋಗ್ತಿತ್ತು” ಎಂದರು.

“ಗೊತ್ತಿದ್ರೆ ಮೊದಲೇ ಹೇಳ್ಬಾರ್ದಿತ್ತಾ ಅತ್ತೆ?” ಎಂದಳು ಅಮ್ಮ.

“ನನ್ನನ್ನ ಯಾರು ಕೇಳಿದ್ರಿ? ತಾರೀಕು ನೀವ್ ನೀವೇ ಬರ್ಕೊಂಡ್ರಿ. ನಾನು ಬ್ಯಾಗಿಗೆ ಸೀರೆ ಕೊಟ್ಟೆ, ಅಷ್ಟೇ.”

ಹೀಗೆ ಇಪ್ಪತ್ತೆರಡು ಹೋಯಿತು. ಇಪ್ಪತ್ತೈದು ಹೋದದ್ದು ಗಾಳಿಗೆ. ಹಿಂದಿನ ಎರಡು ದಿನ ಬೀಸಿದ ಗಾಳಿ ಮಳೆಗೆ ತೋಟಗಳಲ್ಲಿ ಬಾಳೆ ಎಲೆಯೆಲ್ಲ ಸೀಳಿ ಚಿಂದಿಯಾಗಿ, ಸಿಟಿ ಮಾರ್ಕೆಟ್ಟಿಗೆ ಬಂದ ಲಾರಿಗಳಲ್ಲಿ ಅರ್ಧವೂ ಒಳ್ಳೆಯ ಎಲೆ ಇರಲಿಲ್ಲ. ಒಪ್ಪಿಕೊಂಡ ದಂಪತಿ ಊಟಗಳಿಗೆ ಎಲೆ ಒದಗಿಸಲು ಅಪ್ಪ ಹೊಸಕೋಟೆಯ ತನಕ ತೋಟ ತೋಟ ಅಲೆದರು. ಸಂಜೆ ಕೆಸರು ಮೆತ್ತಿದ ಕಾಲಿನಲ್ಲೇ ಬಂದು ಹೊಸ್ತಿಲ ಮೇಲೆ ಕೂತು, “ನೀವು ನಾಲ್ಕು ಜನ ಹೋಗ್ಬನ್ನಿ. ನನ್ನಿಂದ ಯಾಕೆ ಎಲ್ಲರ ಮನಸ್ಸು ಕೆಡ್ಬೇಕು” ಎಂದರು.

ತಂಗಿಗೆ ಅದು ಒಪ್ಪಿಗೆಯಾಗಿತ್ತು. ನನಗೂ ಆಗಿತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆ. ಅಮ್ಮ ಮಾತ್ರ ಜಗ್ಗಲಿಲ್ಲ. ಅಪ್ಪನ ಕಾಲಿಗೆ ನೀರು ತಂದಿಟ್ಟು, “ಮೂವತ್ತು ಇನ್ನೂ ಇದೆಯಲ್ಲ” ಎಂದಳು.

ಮೂವತ್ತು ಬುಧವಾರ. ಮಾರನೆಯ ದಿನ ಹುಣ್ಣಿಮೆ. ಸತ್ಯನಾರಾಯಣ ಪೂಜೆಯವರು ಎಲೆಗೆ, ಬಾಳೆಕಂದಿಗೆ ಬಂದೇ ಬರುತ್ತಾರೆ. ಅದರ ಮಾರನೆಯ ದಿನ ಸ್ಕೂಲು ಶುರು. ಮೈಸೂರು, ಚನ್ನಪಟ್ಟಣ ಎರಡನ್ನೂ ಅಮ್ಮ ಹೊಡೆದುಹಾಕಿದಳು. ಉಳಿದದ್ದು ಒಂದೇ ದಿನ, ಒಂದೇ ಪಾರ್ಕು. ಹೊಸ ಆರ್ಡರ್ ಯಾವುದನ್ನೂ ಆ ದಿನಕ್ಕೆ ಒಪ್ಪಿಕೊಳ್ಳುವುದಿಲ್ಲ ಎಂದು ಅಪ್ಪ ಮಾತು ಕೊಟ್ಟರು. ಪಕ್ಕದ ಹೂವಿನ ಅಂಗಡಿಯಾಕೆಗೂ ಹೇಳಿಟ್ಟರು, ಯಾರಾದರೂ ಕೇಳಿದರೆ ನಾಳೆ ಬನ್ನಿ ಅನ್ನಿ ಎಂದು.

ಇಪ್ಪತ್ತೊಂಬತ್ತರ ಸಂಜೆ ಅಪ್ಪ ಎಂದಿಗಿಂತ ಬೇಗ ಮನೆಗೆ ಬಂದರು. ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. ಅಮ್ಮ ಅವರ ಮುಖ ನೋಡಿದಳು.

“ಎಷ್ಟು ಎಲೆ?” ಎಂದಳು.

“ಇನ್ನೂರೈವತ್ತು. ಶೇಷಾದ್ರಿಪುರಂ. ವೈಕುಂಠ ಸಮಾರಾಧನೆ. ಎಲೆಗೆ ಹೇಳೋದು ಗಲಾಟೆಯಲ್ಲಿ ಮರೆತೇಬಿಟ್ಟಿದ್ರಂತೆ, ಮಗ ತಾನೇ ಓಡಿ ಬಂದಿದ್ದ. ಹತ್ತು ಗಂಟೆಗೆ ಬೇಕಂತೆ.”

ಇಲ್ಲಿ ಅಪ್ಪನ ಒಂದು ಪದ್ಧತಿ ಹೇಳಬೇಕು. ಮದುವೆಯ ಆರ್ಡರನ್ನು ಬೇಕಾದರೆ ಪಕ್ಕದ ಅಂಗಡಿಗೆ ಕಳಿಸುತ್ತಿದ್ದರು. ಸತ್ತವರ ಹದಿಮೂರನೇ ದಿನದ ಊಟಕ್ಕೆ ಎಲೆ ಕೇಳಿಕೊಂಡು ಬಂದವರನ್ನು ಒಂದು ದಿನವೂ ಹಿಂದಕ್ಕೆ ಕಳಿಸಿದವರಲ್ಲ. ಮದುವೆಯವರು ಆರು ತಿಂಗಳ ಮೊದಲೇ ಬರುತ್ತಾರೆ, ಚೌಕಾಸಿ ಮಾಡುತ್ತಾರೆ, ನಾಲ್ಕು ಅಂಗಡಿ ತಿರುಗುತ್ತಾರೆ. ಇವರಿಗೆ ತಿರುಗುವ ತ್ರಾಣ ಎಲ್ಲಿರುತ್ತದೆ ಎನ್ನುತ್ತಿದ್ದರು. ಎಂಥ ಎಲೆ ಎಂದು ನೋಡುವ ಮನಸ್ಸೂ ಇಲ್ಲದವರಿಗೆ ಒಳ್ಳೆಯ ಎಲೆಯನ್ನೇ ಹುಡುಕಿ ಕೊಡುತ್ತಿದ್ದರು. ಇದು ನಮಗೆಲ್ಲ ಗೊತ್ತಿದ್ದ ಸಂಗತಿ. ಆದರೂ ಆ ಸಂಜೆ ನನಗೆ ಉರಿದುಹೋಯಿತು. ಬ್ಯಾಗನ್ನು ಎತ್ತಿ ಮಂಚದ ಕೆಳಗೆ ತಳ್ಳಿ, “ಸತ್ತೋರಿಗೆ ಸಿಗೋ ಮರ್ಯಾದೆ ನಮಗಿಲ್ಲ” ಎಂದುಬಿಟ್ಟೆ.

ಅಮ್ಮ ನನ್ನನ್ನು ಬೈಯಲಿಲ್ಲ. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು.

“ಹತ್ತು ಗಂಟೆಗೆ ಅಂದ್ರಲ್ವಾ? ನಾವು ಏಳಕ್ಕೇ ತಂದ್ಕೊಟ್ರೆ ಬೇಡ ಅಂತಾರಾ?”

“ಒಬ್ಬನ ಕೈಲಿ ಆಗಲ್ವೇ. ಒರೆಸಿ, ಆರಿಸಿ, ಕತ್ತರಿಸಿ, ಕಟ್ಟು ಕಟ್ಟೋ ಹೊತ್ತಿಗೆ ಒಂಬತ್ತಾಗುತ್ತೆ.”

“ಒಬ್ರೇ ಯಾಕೆ ಮಾಡ್ತೀರಿ? ಎಲೆ ಅಂಗಡಿಗೆ ಬೇಡ, ನೇರ ಮನೆಗೆ ತನ್ನಿ. ಐದು ಜನ ಇದೀವಲ್ಲ.”

ಬೆಳಿಗ್ಗೆ ಐದಕ್ಕೆ ಮುಂಚೆಯೇ ಲಗೇಜ್ ಆಟೋ ನಮ್ಮ ಗೇಟಿನ ಮುಂದೆ ನಿಂತಿತು. ಅಂಗಳದಲ್ಲಿ ಚಾಪೆ ಹಾಸಿ, ಹಳೆಯ ಬಟ್ಟೆ ಉಟ್ಟು ಎಲ್ಲರೂ ಕೂತೆವು. ಅಪ್ಪ ಎಲೆ ಆರಿಸಿ ಅಳತೆಗೆ ಕತ್ತರಿಸಿದರು. ನಾನು, ತಂಗಿ ಒದ್ದೆ ಬಟ್ಟೆಯಲ್ಲಿ ಎರಡೂ ಕಡೆ ಒರೆಸಿದೆವು. ಅಮ್ಮ ಸೀಳಿದ್ದನ್ನು ತೆಗೆದು ಬೇರೆ ಹಾಕುತ್ತ ಒಂದರ ಮೇಲೊಂದು ಜೋಡಿಸಿದಳು. ಎಪ್ಪತ್ತು ದಾಟಿದ ಅಜ್ಜಿ ಕಟ್ಟು ಕಟ್ಟಿದರು. ಬಾಳೆ ನಾರಿನಲ್ಲಿ ಅವರು ಹಾಕುವ ಗಂಟು ಲಾರಿಯಿಂದ ಎಸೆದರೂ ಬಿಚ್ಚುವುದಿಲ್ಲ, ಬೆರಳು ತಾಗಿಸಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಅಷ್ಟು ಚುರುಕಾಗಿ ನಮ್ಮ ಮನೆಯವರು ಕೆಲಸ ಮಾಡುವುದನ್ನು ನಾನು ಅವತ್ತೇ ನೋಡಿದ್ದು. ಹಿಂದಿನ ಸಂಜೆಯ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆರೂವರೆಗೆ ಕೊನೆಯ ಕಟ್ಟು ಬಿಗಿದಾಗ ಹಾಲಿನವನು ಗೇಟಿನಲ್ಲಿ ನಿಂತು ನೋಡುತ್ತಿದ್ದ. ಇನ್ನೂ ನಾಲ್ಕು ಜನ ನೋಡಬಾರದೇ ಎಂದು ನನಗೆ ಅನಿಸಿತು.

ಕೈಕಾಲು ತೊಳೆದು, ಬ್ಯಾಗಿನ ಬಟ್ಟೆ ಹಾಕಿಕೊಂಡು, ಅದೇ ಲಗೇಜ್ ಆಟೋದಲ್ಲಿ ಎಲೆ ಕಟ್ಟುಗಳ ನಡುವೆ ಐದು ಜನ ಕೂತು ಹೊರಟೆವು. ಬಟ್ಟೆ ಸೊನೆಗೆ ತಾಗದಂತೆ ಅಮ್ಮ ನಮ್ಮಿಬ್ಬರ ಸುತ್ತ ಹಳೆಯ ಬೆಡ್‌ಶೀಟು ಸುತ್ತಿದ್ದಳು.

ಶೇಷಾದ್ರಿಪುರಂನ ಆ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ತಲೆ ಬೋಳಿಸಿದ್ದ ಮಗ ಹೊರಗೆ ಬಂದು, “ಇಷ್ಟು ಬೇಗ ತಂದ್ರಾ” ಎಂದು ಕೇಳಿದರು. ಅಪ್ಪ ಕಟ್ಟುಗಳನ್ನು ಇಳಿಸಿ, “ಎಣಿಸ್ಕೊಳ್ಳಿ ಸಾರ್” ಎಂದರು.

“ನಮ್ಮ ತಂದೆಯವರು ನಿಮ್ಮ ಎಲೆ ಒಂದಿನಾನೂ ಎಣಿಸಿದ್ದಿಲ್ಲ. ನಾನು ಯಾಕೆ ಎಣಿಸ್ಲಿ?” ಎಂದರು ಆತ.

ನನ್ನ ಕುತ್ತಿಗೆ ಎರಡು ಇಂಚು ಉದ್ದವಾಯಿತು. ಅಷ್ಟರಲ್ಲಿ ಅವರ ಕಣ್ಣು ಆಟೋದೊಳಗೆ ಬಿತ್ತು. ಜರಿಯಂಚಿನ ಲಂಗದ ತಂಗಿ, ರೇಷ್ಮೆ ಸೀರೆಯ ಅಜ್ಜಿ, ನನ್ನ ತೊಡೆಯ ಮೇಲೆ ಬ್ಯಾಗು. ಸಾವಿನ ಮನೆಯ ಬಾಗಿಲಿಗೆ ಹೀಗೆ ಸಿಂಗರಿಸಿಕೊಂಡು ಬಂದೆವಲ್ಲ ಎಂದು ಅಪ್ಪ ನೆಲ ನೋಡಿದರು.

“ಎಲ್ಲಿಗೆ ಪುಟ್ಟಿ?” ಎಂದು ಆತ ತಂಗಿಯನ್ನು ಕೇಳಿದರು.

“ಪಾರ್ಕಿಗೆ. ಅಪ್ಪನೂ ಬರ್ತಿದಾರೆ” ಎಂದಳು ಅವಳು.

ಆತ ಅಪ್ಪನ ಕಡೆ ತಿರುಗಿ, “ಸರಿ, ಊಟ ಮಾಡ್ಕೊಂಡೇ ಹೋಗ್ಬೇಕು. ಇವತ್ತು ಬಂದವರು ಹಾಗೇ ಹೋಗ್ಬಾರ್ದು” ಎಂದರು. ಅಪ್ಪನಿಗೆ ಅದಕ್ಕೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ ಎಂದು ನನಗೆ ಗೊತ್ತು. ವೈಕುಂಠದ ಊಟ ಬೇಡ ಅನ್ನಬಾರದು. ಎಡೆ ಇಟ್ಟು, ಪೂಜೆ ಮುಗಿದು, ಎಲೆ ಬೀಳುವಾಗ ಒಂದು ಗಂಟೆ. ನಮ್ಮ ಪಾರ್ಕು ಅಲ್ಲೇ ಶಾಮಿಯಾನದ ಕೆಳಗೆ ಮುಗಿಯುವುದರಲ್ಲಿತ್ತು.

ಅಮ್ಮ ಆಟೋದಿಂದ ಇಳಿದು ಬಂದು ಕೈ ಮುಗಿದಳು. “ಅಣ್ಣ, ನಿಮ್ಮ ತಂದೆಯವರ ಹೆಸರಲ್ಲಿ ಐದು ಬಾಳೆಹಣ್ಣು ಕೊಡಿಸಿ. ನಾವು ಊಟ ಮಾಡಿದ ಹಾಗೇ” ಎಂದಳು.

ಆತ ಒಳಗೆ ಹೋಗಿ ಒಂದು ಚಿಪ್ಪು ಬಾಳೆಹಣ್ಣು ತಂದು ಅಪ್ಪನ ಕೈಗೇ ಕೊಟ್ಟರು. “ನಿಲ್ಬೇಡಿ, ಹೊರಡಿ. ಬಿಸಿಲೇರುತ್ತೆ” ಎಂದರು. ಆಟೋದಲ್ಲಿ ಹಣ್ಣು ತಿನ್ನುವಾಗ ಅಪ್ಪ ಅಮ್ಮನನ್ನು ಒಮ್ಮೆ ನೋಡಿದರು. ಇಷ್ಟು ವರ್ಷ ಗಿರಾಕಿಗಳ ಜೊತೆ ಮಾತಾಡಿದ ತಾವು ಆ ಮಾತು ಹೊಳೆಯದೆ ನಿಂತಿದ್ದು ಅವರಿಗೆ ಆಶ್ಚರ್ಯ ತಂದಿರಬೇಕು.

ಮೆಜೆಸ್ಟಿಕ್‌ನಲ್ಲಿ ಸಿಕ್ಕ ಬಸ್ಸು ಹತ್ತಿ, ಬಿಡದಿಯಲ್ಲಿ ಅಜ್ಜಿಯ ಹಟಕ್ಕೆ ಇಳಿದು ತಟ್ಟೆ ಇಡ್ಲಿ ತಿಂದು, ಪಾರ್ಕಿನ ಗೇಟು ದಾಟುವಾಗ ಹತ್ತೂವರೆ. ಒಳಗೆ ಹೋಗುತ್ತಿದ್ದ ಹಾಗೆ ದೊಡ್ಡದೊಂದು ಹುಲ್ಲುಹಾಸು, ಅದರ ಅಂಚಿಗೆ ನೆರಳಿನ ಮರಗಳು. ಆಚೆ ಎಲ್ಲೋ ಜನ ಕಿರುಚುವುದು, ನೀರು ಬೀಳುವುದು ಕೇಳುತ್ತಿತ್ತು. ಎಲ್ಲಿಂದ ಶುರು ಮಾಡುವುದೆಂದು ನಾನೂ ತಂಗಿಯೂ ಜಗಳವಾಡುತ್ತಿದ್ದೆವು.

“ನೀವು ಮೊದಲನೇದು ನೋಡ್ಕೊಂಡ್ಬನ್ನಿ. ನಾನು ಐದು ನಿಮಿಷ ಕೂತಿರ್ತೀನಿ” ಎಂದು ಅಪ್ಪ ಮರದ ಕೆಳಗೆ ಕೂತರು.

ನಾವು ಮೊದಲನೆಯದನ್ನು ಮುಗಿಸಿ ಓಡಿ ಬಂದಾಗ ಅಪ್ಪ ಮಲಗಿಬಿಟ್ಟಿದ್ದರು. ಅಂಗಾತ, ಬಾಯಿ ಸ್ವಲ್ಪ ತೆರೆದು, ಒಂದು ಕೈ ಹುಲ್ಲಿನ ಮೇಲೆ ಚಾಚಿ. ಅಮ್ಮ ಬ್ಯಾಗನ್ನು ಅವರ ತಲೆಯಡಿಗೆ ಕೊಟ್ಟು ಪಕ್ಕದಲ್ಲಿ ಕೂತಿದ್ದಳು. ಆ ಕಡೆ ಅಜ್ಜಿ.

“ಎಬ್ಬಿಸಮ್ಮ, ಆ ತಿರುಗೋದಕ್ಕೆ ಅಪ್ಪನ ಜೊತೇನೇ ಹತ್ತೋದು ನಾನು” ಎಂದೆ. ಯುಗಾದಿಯಿಂದ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಚಿತ್ರ ಅದು.

“ಇರ್ಲಿ ಬಿಡು, ಸ್ವಲ್ಪ ಹೊತ್ತು.”

ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂದೆವು. ಮತ್ತೆ ಅದೇ ಮಾತು. ಮಧ್ಯಾಹ್ನ ಒಂದಾಯಿತು. ತಂಗಿ ಅಪ್ಪನ ಕಿವಿಯ ಹತ್ತಿರ ಹೋಗಿ ಕೂಗಲು ಬಾಯಿ ತೆರೆದಳು, ಅಮ್ಮ ಅವಳ ಬಾಯಿ ಮುಚ್ಚಿದಳು. ನನಗೆ ತಡೆಯಲಾಗಲಿಲ್ಲ.

“ಇಷ್ಟೆಲ್ಲ ಮಾಡಿ ಬಂದಿದ್ದು ಮಲಗೋದಕ್ಕಾ?”

“ಹೂಂ. ಹಾಗೇ ಅಂದ್ಕೋ” ಎಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಹಗಲು ಹೊತ್ತು ನಿಮ್ಮಪ್ಪ ಮಲಗಿದ್ದು ನೀನು ಯಾವತ್ತಾದ್ರೂ ನೋಡಿದೀಯಾ? ನಾನೂ ನೋಡಿಲ್ಲ.”

ಆಗ ನಾನು ಅಪ್ಪನನ್ನು ಸರಿಯಾಗಿ ನೋಡಿದೆ. ಬೆರಳುಗಳ ಸಂದಿಯಲ್ಲಿ ಸೊನೆ ಇಳಿದು ಕಪ್ಪಾದ ಗೆರೆಗಳು. ಒಳ್ಳೆಯ ಷರ್ಟಿನ ತೋಳಿಗೂ ಬೆಳಗಿನ ಕರೆ ಒಂದು ಹತ್ತಿತ್ತು. ಮುಖ ಎಷ್ಟು ಸಡಿಲವಾಗಿತ್ತೆಂದರೆ ಯಾರೋ ಬೇರೆಯವರ ಹಾಗೆ, ಚಿಕ್ಕವರ ಹಾಗೆ ಕಾಣುತ್ತಿದ್ದರು. ನಾನು ತಂಗಿಯ ಕೈ ಹಿಡಿದು ಎಳೆದುಕೊಂಡು ಹೋದೆ.

ಮೂರು ಗಂಟೆಯ ಹೊತ್ತಿಗೆ ಅಜ್ಜಿ ಅಮ್ಮನನ್ನು ಏಳಿಸಿದರು. “ನಾನಿದೀನಿ, ನೀನು ಒಂದ್ ಸಲ ಹೋಗು. ಇಷ್ಟು ದೂರ ಬಂದು ಗಂಡನ್ನ ಕಾಯ್ತಾ ಕೂತ್ರೆ ಜನ ನಗ್ತಾರೆ” ಎಂದರು. ಅಮ್ಮ ನಮ್ಮ ಜೊತೆ ದೊಡ್ಡ ತಿರುಗು ತೊಟ್ಟಿಲು ಹತ್ತಿದಳು. ಮೇಲೆ ಹೋದಂತೆ ತಂಗಿ ಹೆದರಿ ನನ್ನ ತೋಳು ಕಚ್ಚಿದಳು. ಅಮ್ಮ ಹೆದರಲಿಲ್ಲ. ತುತ್ತ ತುದಿಯಲ್ಲಿ ತೊಟ್ಟಿಲು ನಿಂತಾಗ ಮೈಸೂರು ರಸ್ತೆಯ ತನಕ ಕಾಣುತ್ತಿತ್ತು, ಅವಳು ಅದೇನನ್ನೂ ನೋಡಲಿಲ್ಲ. ಬಗ್ಗಿ ಹುಲ್ಲುಹಾಸಿನ ಅಂಚಿನಲ್ಲಿ ಹುಡುಕಿ, “ಅಗೋ, ಇನ್ನೂ ಮಲಗೇ ಇದಾರೆ” ಎಂದಳು. ಮಕ್ಕಳಿಗೆ ರ‍್ಯಾಂಕು ಬಂದಾಗ ತಾಯಂದಿರು ಹೇಳುವ ದನಿ ಅದು.

ಅಪ್ಪನಿಗೆ ಎಚ್ಚರವಾದದ್ದು ಐದು ಗಂಟೆಗೆ. ಗಾಬರಿಯಿಂದ ಎದ್ದು ಕೂತು, “ಗಂಟೆ ಎಷ್ಟು?” ಎಂದರು.

“ಐದು.”

“ಅಯ್ಯೋ, ಲಾರಿ ಬಂದಿರುತ್ತೆ” ಎಂದು ಚಪ್ಪಲಿಗೆ ಕಾಲು ಹಾಕಿದರು. ಬೆಳಗಿನ ಐದು ಎಂದುಕೊಂಡಿದ್ದರು. ಅಜ್ಜಿ ನಕ್ಕ ರಭಸಕ್ಕೆ ಅವರ ಎಲೆಅಡಿಕೆ ಹುಲ್ಲಿಗೆ ಬಿತ್ತು. ಸುತ್ತ ನೋಡಿ, ನಮ್ಮ ಒದ್ದೆ ತಲೆ ನೋಡಿ, ಅಪ್ಪನಿಗೆ ಎಲ್ಲ ಅರ್ಥವಾಯಿತು. “ಎಬ್ಬಿಸ್ಬಾರ್ದಿತ್ತಾ” ಎಂದು ಮೆಲ್ಲಗೆ ಅಂದರು. ಅಮ್ಮ ಅವರ ಬೆನ್ನಿಗೆ ಹತ್ತಿದ್ದ ಹುಲ್ಲು ಕೊಡವಿದಳು. ಆ ಹೊತ್ತಿಗೆ ಒಂದೊಂದೇ ಆಟ ನಿಲ್ಲಿಸುತ್ತಿದ್ದರು. ವಾಪಸ್ ಬಸ್ಸಿನಲ್ಲಿ ಅಪ್ಪ ನನ್ನನ್ನೂ ತಂಗಿಯನ್ನೂ ಎರಡು ಪಕ್ಕ ಕೂರಿಸಿಕೊಂಡು, ಯಾವ ಯಾವುದು ಹತ್ತಿದಿರಿ, ಅದು ಹೇಗೆ ತಿರುಗುತ್ತದೆ, ನೀರು ಎಷ್ಟು ಎತ್ತರದಿಂದ ಬೀಳುತ್ತದೆ ಎಂದು ಒಂದೊಂದನ್ನೂ ಬಿಡದೆ ಕೇಳಿದರು. ಕೆಂಗೇರಿ ಬರುವ ತನಕ ನಾವು ಹೇಳುತ್ತಲೇ ಇದ್ದೆವು.

ಮಾರನೆಯ ದಿನ ಹುಣ್ಣಿಮೆ. ನಾನು ಬೆಳಿಗ್ಗೆಯೇ ಅಂಗಡಿಗೆ ಹೋಗಿ ಎಲೆ ಒರೆಸುತ್ತಿದ್ದೆ, ಯಾರೂ ಹೇಳಿರಲಿಲ್ಲ, ನಾನಾಗಿಯೇ ಹೋಗಿದ್ದೆ. ಹೂವಿನ ಅಂಗಡಿಯಾಕೆ ಮೊಗ್ಗು ಪೋಣಿಸುತ್ತ, “ಏನ್ ಯಜಮಾನ್ರೇ, ನಿನ್ನೆ ಬಾಗಿಲೇ ತೆಗೀಲಿಲ್ಲ. ಹೆಂಗಿತ್ತು ಪಾರ್ಕು?” ಎಂದು ಕೇಳಿದಳು. ಪೂಜೆಗೆ ಬಾಳೆಕಂದು ಒಯ್ಯಲು ಬಂದಿದ್ದ ಇಬ್ಬರು ಗಿರಾಕಿಗಳೂ ಈ ಕಡೆ ತಿರುಗಿದರು.

ಅಪ್ಪ ಎಲೆ ಕತ್ತರಿಸುವ ಕುಡುಗೋಲನ್ನು ಪಕ್ಕಕ್ಕಿಟ್ಟರು. ತಲೆ ಕೆಳಗಾಗಿ ತಿರುಗಿಸುವುದನ್ನು ಕೈಯಲ್ಲೇ ತಿರುಗಿಸಿ ತೋರಿಸಿದರು. ಜಾರುಬಂಡೆಯಲ್ಲಿ ನೀರಿನ ಜೊತೆ ಇಳಿಯುವಾಗ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ವಿವರಿಸಿದರು. ತೊಟ್ಟಿಲ ತುದಿಯಿಂದ ಮೈಸೂರು ರಸ್ತೆಯ ಬಸ್ಸುಗಳು ಎಷ್ಟೆಷ್ಟು ಚಿಕ್ಕದಾಗಿ ಕಂಡವು ಎಂದು ಬೆರಳಿನ ಉಗುರು ತೋರಿಸಿದರು. ಎಲ್ಲ ಸರಿಯಾಗಿತ್ತು. ನನಗಿಂತ ಚೆನ್ನಾಗಿಯೇ ಹೇಳಿದರು.

“ಈ ವಯಸ್ಸಲ್ಲಿ ಅದನ್ನೆಲ್ಲ ಹತ್ತಿದ್ರಾ? ಭಯ ಆಗ್ಲಿಲ್ವಾ?” ಎಂದಳು ಹೂವಿನಾಕೆ.

ಅಪ್ಪ ಓರೆಗಣ್ಣಿನಲ್ಲಿ ನನ್ನನ್ನು ನೋಡಿದರು. ನಾನು ಒರೆಸುತ್ತಿದ್ದ ಎಲೆಯಿಂದ ತಲೆ ಎತ್ತಿ, “ಇಲ್ಲ ಅಕ್ಕ, ನಮ್ಮಪ್ಪ ಎಲ್ಲದರಲ್ಲೂ ಮುಂದಿನ ಸೀಟಲ್ಲೇ ಕೂತಿದ್ದು” ಎಂದೆ.